ನನಗಿಂತ ಉದ್ದದ ದಾರ

ನನ್ನ ಎತ್ತರದ ಬಗ್ಗೆ ನಾನೊಬ್ಬಳನ್ನು ಬಿಟ್ಟು ಇಡೀ ಓಣಿಯೇ ತಲೆ ಕೆಡಿಸಿಕೊಂಡಿತ್ತು. ಹದಿಮೂರನೆಯ ವಯಸ್ಸಿಗೆ ಅವ್ವನನ್ನು ದಾಟಿದೆ. ಹದಿನೈದಕ್ಕೆ ಅಪ್ಪನ ಸಮಕ್ಕೆ ಬಂದೆ. ಹದಿನಾರಕ್ಕೆ ಅಪ್ಪ ನನ್ನ ಪಕ್ಕದಲ್ಲಿ ನಿಂತು ಮಾತಾಡುವುದನ್ನೇ ಬಿಟ್ಟ. ಏನಾದರೂ ಹೇಳಬೇಕಿದ್ದರೆ ಮೊದಲು ‘ಕುಂದ್ರು’ ಎಂದು ನನ್ನನ್ನು ಕೂರಿಸಿ ಆಮೇಲೆ ಹೇಳುತ್ತಿದ್ದ. ನೀರಿಗೆ ಹೋದರೆ ಬಾವಿಯ ಕಟ್ಟೆಯ ಮೇಲಿನ ಹೆಂಗಸರು ಕೊಡ ಕೆಳಗಿಟ್ಟು, ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ, ‘ಇನ್ನಾ ಎಷ್ಟ್ ಬೆಳಿತಿಯೇ ಯವ್ವಾ, ಬಸ್ ಮಾಡು ಸಾಕು’ ಎನ್ನುತ್ತಿದ್ದರು. ಬೆಳೆಯುವುದು ಬಿಡುವುದು ನನ್ನ ಕೈಯಲ್ಲಿತ್ತೇನೋ ಎಂಬಂತೆ. ಅವರ ಮೇಲಿನ ಸಿಟ್ಟು ಇಷ್ಟು ವರ್ಷವಾದರೂ ನನಗೆ ಪೂರ್ತಿ ಇಳಿದಿಲ್ಲ.

ಭಾಲ್ಕಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ತಲೆಬಾಗಿಲು ಮಾತ್ರ ಎತ್ತರವಿತ್ತು. ಅದರಲ್ಲಿ ನಾನು ಬಗ್ಗದೆ ಬರಬಹುದಿತ್ತು. ಒಳಗಿನ ಬಾಗಿಲುಗಳೆಲ್ಲ ಗಿಡ್ಡ. ಅಡುಗೆಮನೆಯದು, ದೇವರ ಜಗುಲಿಯ ಕೋಣೆಯದು, ಹಿತ್ತಲಿನದು, ಕುರಿ ಕಟ್ಟುವ ಕೊಟ್ಟಿಗೆಯದು, ಒಂದಾದರೂ ನನ್ನ ಹಣೆಯನ್ನು ಬಿಟ್ಟಿರಲಿಲ್ಲ. ಬಡಿದು ಬಡಿದು ಹಣೆಯ ಮೇಲ್ಭಾಗದಲ್ಲಿ ಒಂದು ಗಂಟು ಗಟ್ಟಿಯಾಗಿ ಕೂತುಬಿಟ್ಟಿತು. ಕೊನೆಗೆ ತಲೆಬಾಗಿಲೊಂದನ್ನು ಬಿಟ್ಟು ಬಾಗಿಲು ಕಂಡರೆ ಸಾಕು, ಕುತ್ತಿಗೆ ತಾನಾಗಿಯೇ ಬಗ್ಗುವುದು ಕಲಿಯಿತು. ನಮ್ಮ ಓಣಿಯ ಕೊನೆಯಲ್ಲಿ ರೂಮಿ ಟೋಪಿಗಳನ್ನು, ಅಂದರೆ ಗೊಂಡೆಯಿರುವ ಎತ್ತರದ ಕೆಂಪು ಟೋಪಿಗಳನ್ನು, ಮಾಡುವ ಒಬ್ಬ ಸಾಬರು ಇದ್ದರು. ನಾವೆಲ್ಲ ಟೋಪಿ ಚಾಚಾ ಎನ್ನುತ್ತಿದ್ದೆವು. ಮಜ್ಜಿಗೆಗೆಂದು ಬಂದಾಗಲೆಲ್ಲ ನಾನು ಅಡುಗೆಮನೆಯಿಂದ ಬಗ್ಗಿ ಹೊರಬರುವುದನ್ನು ಕಂಡು, ‘ದರ್ವಾಜೇ ಕು ಸಲಾಂ ಕರ್ತೀ ಕ್ಯಾ ಬೇಟೀ?’ ಎಂದು ನಗುತ್ತಿದ್ದರು. ಬಾಗಿಲಿಗೆ ಸಲಾಮು ಹೊಡೆಯುವ ಹುಡುಗಿ ನಾನು. ಊರಿನಲ್ಲಿ ನನಗೆ ಸಿಟ್ಟು ಬರಿಸದೆ ನನ್ನ ಎತ್ತರದ ಮಾತು ಎತ್ತುತ್ತಿದ್ದವರು ಅವರೊಬ್ಬರೇ.

ಆ ದಿನಗಳಲ್ಲಿ ನಮ್ಮಂಥ ಹೊಲ, ಕುರಿ ಇಟ್ಟುಕೊಂಡ ಮನೆಗಳಿಗೆ ಹುಡುಗ ತಾನೇ ಬಂದು ಹೆಣ್ಣು ನೋಡುವ ಪದ್ಧತಿ ಇರಲಿಲ್ಲ. ಹಿರಿಯರು ಬರುತ್ತಿದ್ದರು. ಹುಡುಗನ ಬದಲು ಒಂದು ದಾರ ಬರುತ್ತಿತ್ತು. ಹುಡುಗನನ್ನು ಗೋಡೆಗೆ ನಿಲ್ಲಿಸಿ ಹಿಮ್ಮಡಿಯಿಂದ ತಲೆಯ ತನಕ ಅಳೆದು, ಎರಡೂ ತುದಿಗೆ ಗಂಟು ಹಾಕಿ, ಅರಿಶಿನ ಹಚ್ಚಿದ ನೂಲಿನ ದಾರ. ಹೆಣ್ಣಿನ ಮನೆಯಲ್ಲಿ ಅದರ ಒಂದು ಗಂಟನ್ನು ಅವಳ ಕಾಲಿನ ಹೆಬ್ಬೆರಳಿನ ಕೆಳಗೆ ಒತ್ತಿ, ಇನ್ನೊಂದು ಗಂಟನ್ನು ಮೇಲಕ್ಕೆ ಎಳೆದು ಹಿಡಿಯುತ್ತಿದ್ದರು. ಹೆಣ್ಣು ದಾರಕ್ಕಿಂತ ನಾಲ್ಕು ಬೆರಳು ಕೆಳಗಿದ್ದರೆ ಜೋಡಿ ಚೆಂದ. ಸಮ ಬಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮೇಲೆ ಹೋದರೆ ಕೊಟ್ಟ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಮೂಗು, ಕಣ್ಣು, ಬಣ್ಣ, ರೊಟ್ಟಿ ಬಡಿಯುವ ಕೈ, ಇವೆಲ್ಲ ದಾರದಲ್ಲಿ ಪಾಸಾದ ಮೇಲಿನ ಮಾತು. ನನ್ನ ಮೂಗನ್ನು ಯಾರೂ ನೋಡಿದ್ದು ನೆನಪಿಲ್ಲ.

ನನ್ನನ್ನು ಗಿಡ್ಡ ಮಾಡುವ ಕೆಲಸವನ್ನು ಅಪ್ಪನ ಅವ್ವ, ನಮ್ಮ ಆಯಿ, ತನ್ನ ಮೇಲೆ ಹಾಕಿಕೊಂಡಿದ್ದಳು. ಮೊದಲು ತಲೆಯ ಮೇಲೆ ಎರಡೆರಡು ಕೊಡ ಹೊರಿಸಿ ನೋಡಿದಳು. ಭಾರಕ್ಕೆ ಕೆಳಗೆ ಕೂರುತ್ತೇನೆಂದು ಅವಳ ಲೆಕ್ಕ. ಕುತ್ತಿಗೆ ನೋವು ಬಂತು, ಎತ್ತರ ಹೋಗಲಿಲ್ಲ. ಆಮೇಲೆ ಗೋಡೆಗೆ ಇದ್ದಿಲಿನಲ್ಲಿ ಒಂದು ಗೆರೆ ಎಳೆದು, ನನ್ನನ್ನು ಅಲ್ಲಿ ನಿಲ್ಲಿಸಿ, ಸೀರೆಯ ಒಳಗೆ ಮೊಣಕಾಲು ಬಗ್ಗಿಸುವುದನ್ನು ಕಲಿಸಿದಳು. ಬಗ್ಗಿದ್ದು ಮೇಲಿನಿಂದ ಕಾಣಬಾರದು. ಬೆನ್ನು ನೆಟ್ಟಗಿರಬೇಕು. ಮುಖದಲ್ಲಿ ನೋವು ತೋರಬಾರದು. ‘ಮಣಕಾಲ್ ಸಡ್ಲ ಬಿಡು. ಇನ್ನಾ ಬಿಡು. ಮಾರಿ ಯಾಕ ಹಿಂಗ ಮಾಡ್ತಿ, ಮುಳ್ಳ ತುಳದವರಾಂಗ?’ ಎಂದು ದಿನಾ ಬೆಳಗ್ಗೆ ರೊಟ್ಟಿ ಮುಗಿದ ಮೇಲೆ ಪಾಠ. ತೊಡೆ ಗಡಗಡ ನಡುಗುತ್ತಿತ್ತು. ನನಗೆ ಅಳು ಬರುತ್ತಿರಲಿಲ್ಲ, ಬರೀ ಉರಿ ಬರುತ್ತಿತ್ತು.

ಕಮಠಾಣದಿಂದ ಬಂದ ದಾರ ನನ್ನ ಹುಬ್ಬಿಗೆ ಮುಗಿಯಿತು. ಎಷ್ಟು ಬಗ್ಗಿದರೂ ಅದಕ್ಕೆ ಸಾಲುವಂತಿರಲಿಲ್ಲ, ನನ್ನನ್ನು ಕತ್ತರಿಸಬೇಕಿತ್ತು. ಖಟಕ ಚಿಂಚೋಳಿಯಿಂದ ಬಂದದ್ದು ಸಮ ಬರುವ ಹಾಗಿತ್ತು. ಆಯಿ ಕಣ್ಣು ಮಾಡಿದಳು, ನಾನು ಬಗ್ಗಿದೆ. ನಾಲ್ಕು ಬೆರಳು ಸರಿಯಾಗಿ ಬಂತು. ಎಲ್ಲರೂ ತಲೆದೂಗುತ್ತಿರುವಾಗ ಬಂದವರಲ್ಲಿ ಒಬ್ಬ ಮುದುಕಿ ಪಾದದ ಲಕ್ಷಣ ನೋಡುತ್ತೇನೆಂದು ನನ್ನ ಸೀರೆಯ ಅಂಚನ್ನು ಫಕ್ಕನೆ ಎತ್ತಿಬಿಟ್ಟಳು. ಒಂದು ಕ್ಷಣ ನನ್ನ ಮೊಣಕಾಲುಗಳನ್ನು ನೋಡಿದಳು. ಆಮೇಲೆ ಅಂಚು ಬಿಟ್ಟು, ತುಂಬ ಗಂಭೀರವಾಗಿ ಅಪ್ಪನ ಕಡೆ ತಿರುಗಿ, ‘ಹುಡುಗಿ ನಿಂತಾಳೋ ಕುಂತಾಳೋ, ಮೊದಲ ಅದು ಹೇಳ್ರಿ’ ಎಂದಳು.

ಆ ಮಾತು ಬಂದವರು ಓಣಿ ದಾಟುವ ಮುಂಚೆಯೇ ಬಾವಿಯ ಕಟ್ಟೆಗೆ ಹೋಗಿ ಮುಟ್ಟಿತ್ತು. ಮುಂದೆ ಆರು ತಿಂಗಳು ನಾನು ನೀರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ‘ನಿಂತೀಯೋ ಕುಂತೀಯೋ?’ ಎಂದು ಕೇಳುತ್ತಿದ್ದರು. ನಾನು ಆಯಿಯ ಜೊತೆ ಮಾತು ಬಿಟ್ಟೆ. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ‘ಇನ್ನೊಮ್ಮೆ ಸೀರಿ ಉದ್ದ ಉಡಸ್ಬೇಕು’ ಎಂದಷ್ಟೇ ಅವಳು ಕಲಿತ ಪಾಠ.

ಆಗ ಬಂತು ಔರಾದಿನ ದಾರ. ತಂದವನು ನನ್ನ ಸೋದರಮಾವ, ಅವ್ವನ ಅಣ್ಣ. ಕುರಿ ಮಾರಲು ಔರಾದಿಗೆ ಹೋದವನು ಅಲ್ಲಿನ ತಹಸೀಲು ಕಚೇರಿಯಲ್ಲಿ ನಮ್ಮ ಪೈಕಿಯ ಒಬ್ಬ ಹುಡುಗ ಗುಮಾಸ್ತನಾಗಿದ್ದಾನೆಂದು ಕೇಳಿ, ಎಕಂಬಾದಲ್ಲಿದ್ದ ಅವರ ಮನೆಗೂ ಹೋಗಿ ಮಾತಾಡಿ, ಕಚೇರಿಯ ಪಡಸಾಲೆಯಲ್ಲೇ ಹುಡುಗನನ್ನು ಅಳೆದು ದಾರ ತಂದಿದ್ದ. ಉರ್ದು ಓದಿದ ಹುಡುಗ, ಶೇರವಾನಿ ಹಾಕುತ್ತಾನೆ, ರೂಮಿ ಟೋಪಿ ಇಡುತ್ತಾನೆ, ಮಾತು ಕಡಿಮೆ. ‘ಜವಾನ ಹ್ಯಾಂಗ ಅದಾನ ಅಂತೀ, ನೋಡ್ಲಾಕ ಎರಡ್ ಕಣ್ಣು ಸಾಲಲ್ಲ’ ಎಂದು ಮಾವ ದಾರ ಬಿಚ್ಚಿದ.

ನಾನು ಅಭ್ಯಾಸದ ಪ್ರಕಾರ ಮೊಣಕಾಲು ಸಡಿಲ ಬಿಟ್ಟೆ. ಆಯಿ ದಾರವನ್ನು ಮೇಲಕ್ಕೆ ಎಳೆದಳು. ಅದು ಹೋಯಿತು, ಇನ್ನೂ ಹೋಯಿತು. ಆಯಿಯ ಕೈ ಮುಟ್ಟದೆ ಮಾವನೇ ತುದಿ ಹಿಡಿಯಬೇಕಾಯಿತು. ‘ನೆಟ್ಟಗ ನಿಂದ್ರು’ ಎಂದಳು ಆಯಿ. ನಿಂತೆ. ‘ಪೂರಾ ನಿಂದ್ರು ಅಂದ್ನಿ.’ ಪೂರ್ತಿ ನಿಂತೆ. ಮೊಣಕಾಲು ನೆಟ್ಟಗೆ ಮಾಡಿ, ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ ನಿಂತೆ. ದಾರ ಇನ್ನೂ ನಾಲ್ಕು ಬೆರಳು ಮೇಲಿತ್ತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ, ಲೋಕದಲ್ಲಿ ನನ್ನನ್ನು ಗಿಡ್ಡ ಎನ್ನಬಹುದಾದ ಒಬ್ಬ ಮನುಷ್ಯ ಸಿಕ್ಕಿದ್ದ.

ಗಟ್ಟಿಯಾದ ಸಂಬಂಧದ ದಾರ ಹೆಣ್ಣಿನ ಮನೆಯಲ್ಲೇ ಉಳಿಯುತ್ತದೆ. ಮದುವೆಯ ದಿನ ಅದನ್ನು ಕಳಸಕ್ಕೆ ಸುತ್ತುತ್ತಾರೆ. ಅಲ್ಲಿಯ ತನಕ ಜಗುಲಿಯ ಮೇಲಿನ ಅಕ್ಕಿಯ ಡಬ್ಬಿಯಲ್ಲಿ ಇಡಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಅದನ್ನು ತೆಗೆದು, ಕೋಣೆಯ ಗೂಟಕ್ಕೆ ಸಿಕ್ಕಿಸಿ ನೆಲದ ತನಕ ಇಳಿಬಿಟ್ಟು, ಅದರ ಪಕ್ಕ ನಿಲ್ಲುತ್ತಿದ್ದೆ. ನನ್ನ ಕಣ್ಣಿನ ಮೇಲೆ ಅದರ ಕಣ್ಣು ಎಲ್ಲಿರುತ್ತದೆ, ಭುಜ ಎಲ್ಲಿಗೆ ಬರುತ್ತದೆ ಎಂದು ಬೆರಳಿನಿಂದ ಗುರುತು ಮಾಡುತ್ತಿದ್ದೆ. ಅಗಲ ಎದೆ ಕೊಟ್ಟೆ, ಉದ್ದ ಮೂಗು ಕೊಟ್ಟೆ, ಕೂದಲು ಕೊಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಒಂದು ದಾರವನ್ನು ಪ್ರೀತಿಸಿದೆ. ಅದು ಎದುರು ಮಾತಾಡುವಂತಿರಲಿಲ್ಲ, ನಾನು ಕೊಟ್ಟದ್ದನ್ನೆಲ್ಲ ಇಟ್ಟುಕೊಂಡಿತು.

ಒಮ್ಮೆ ಅವನನ್ನೂ ನೋಡಿದೆ ಎಂದುಕೊಂಡೆ. ಕಚೇರಿಯ ಕೆಲಸಕ್ಕೆ ಭಾಲ್ಕಿಗೆ ಬಂದವನು ನಮ್ಮ ಓಣಿಯಲ್ಲಿ ಟೋಪಿ ಚಾಚಾನ ಅಂಗಡಿಗೆ ಹೋಗುತ್ತಿದ್ದಾನೆಂದು ಅವ್ವ ಪಿಸುಗುಟ್ಟಿದಳು. ನಾನು ಮಾಳಿಗೆ ಹತ್ತಿ ಬಗ್ಗಿ ನೋಡಿದೆ. ಮಾಳಿಗೆಯ ಮೇಲಿನಿಂದ ಕಂಡದ್ದು ಕೆಂಪು ಟೋಪಿಯ ಮೇಲ್ಭಾಗ, ಅದರ ನಡುವಿನಿಂದ ಇಳಿಬಿದ್ದ ಕರಿ ಗೊಂಡೆ, ಎರಡು ಭುಜ. ಗೊಂಡೆ ನಡೆದ ಹಾಗೆಲ್ಲ ಅಲುಗುತ್ತಿತ್ತು. ಮೇಲಿನಿಂದ ನೋಡಿದರೆ ಎಲ್ಲರೂ ಒಂದೇ ಎತ್ತರ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಆ ಗೊಂಡೆಯನ್ನು ದಾರದ ತುದಿಗೆ ಸೇರಿಸಿಕೊಂಡು ಕೆಳಗಿಳಿದೆ.

ಮದುವೆ ಆ ವರ್ಷವೇ ಆಗಬೇಕಿತ್ತು. ಆದರೆ ಗಲಾಟೆಯ ದಿನಗಳು ಬಂದವು. ರಜಾಕಾರರ ಸುದ್ದಿ ಕೇಳಿದ ಊರುಗಳಲ್ಲಿ ಹೆಣ್ಣುಮಕ್ಕಳನ್ನು ಹೊರಗೆ ಬಿಡುವುದು ನಿಂತಿತು. ದಿಬ್ಬಣದ ಗಾಡಿಗಳನ್ನು ಔರಾದಿನ ದಾರಿಯಲ್ಲಿ ಯಾರು ಕಳಿಸುತ್ತಾರೆ? ಮುಂದಿನ ವರ್ಷ, ಮುಂದಿನ ವರ್ಷ ಎಂದು ಮುಂದೂಡುತ್ತ ಹೋದರು. ನಾನು ಡಬ್ಬಿ ತೆಗೆಯುತ್ತ, ಮುಚ್ಚುತ್ತ ಇದ್ದೆ. ಆಮೇಲೆ ಮಿಲಿಟರಿ ಬಂತು. ಪೊಲೀಸ್ ಆಕ್ಷನ್ ಎಂದು ಎಲ್ಲರೂ ಹೇಳುತ್ತಿದ್ದ ಆ ಕೆಲವು ದಿನಗಳು ಮುಗಿದವು, ನಿಜಾಮರ ಆಳ್ವಿಕೆ ಮುಗಿಯಿತು ಎಂದರು.

ನಾನು ಮಾಳಿಗೆಯ ಮೇಲಿನಿಂದ ಕಂಡ ಬದಲಾವಣೆ ಒಂದೇ, ತಲೆಗಳದು. ವಾರ ಕಳೆಯುವುದರೊಳಗೆ ಓಣಿಯಲ್ಲಿ ಒಂದೂ ಕೆಂಪು ಟೋಪಿ ಕಾಣದಾಯಿತು. ಹಿಂದೂಗಳು ತೆಗೆದರು, ಮುಸಲ್ಮಾನರು ಇನ್ನೂ ಬೇಗ ತೆಗೆದರು. ಊರಿನ ಗಂಡಸರೆಲ್ಲ ಒಮ್ಮೆಗೇ ಗಿಡ್ಡರಾದಂತೆ ಕಾಣುತ್ತಿತ್ತು. ತಲೆ ನೋಡಿ ಮನುಷ್ಯ ಯಾರೆಂದು ತೀರ್ಮಾನಿಸುತ್ತಿದ್ದ ದಿನಗಳವು. ಹಾಗೆ ತೀರ್ಮಾನಿಸಿ ಏನೇನು ಮಾಡಿದರೆಂದು ಕೇಳಿದ್ದನ್ನು ನಾನು ಇಲ್ಲಿ ಬರೆಯಲಾರೆ. ಟೋಪಿ ಚಾಚಾನ ಅಂಗಡಿ ಬಾಗಿಲು ಹಾಕಿತು. ಎಷ್ಟೋ ದಿನಗಳ ಮೇಲೆ ತಲೆಗೆ ಒಂದು ಹಳೆಯ ಪಂಚೆ ಸುತ್ತಿಕೊಂಡು ಹಿತ್ತಲ ಕಡೆಯಿಂದ ಬಂದು ಮಜ್ಜಿಗೆ ಕೇಳಿದರು. ನಾನು ಅವರ ಗುರುತು ಹಿಡಿಯದೆ ‘ಯಾರ್ರಿ?’ ಎಂದೆ. ಹಾಗೆ ಕೇಳಿದ್ದಕ್ಕೆ ನನ್ನ ಮೇಲೆ ನನಗೇ ಈಗಲೂ ಕೋಪವಿದೆ. ಆಯಿ ತಂಬಿಗೆ ತುಂಬ ಮಜ್ಜಿಗೆ ಕೊಟ್ಟಳು. ಅವರು ಕುಡಿದು, ನನ್ನ ಎತ್ತರದ ಬಗ್ಗೆ ಏನನ್ನೂ ಹೇಳದೆ ಹೋದರು.

ದಾರಿಗಳು ನೆಟ್ಟಗಾದ ಮೇಲೆ ಮುಹೂರ್ತ ಗೊತ್ತು ಮಾಡಲು ಔರಾದಿನಿಂದ ಬಂದರು. ಹುಡುಗನ ಅವ್ವ, ನನ್ನ ಸೋದರಮಾವ, ಮತ್ತು ಕಾಲ ಬದಲಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಸ್ವತಃ ಹುಡುಗ. ಹೊಸ ಸೀರೆ ಉಡಿಸಿ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿದ್ದರು. ನಾನು ಬಾಗಿಲ ಸಂದಿಗೆ ಕಣ್ಣಿಟ್ಟಿದ್ದೆ. ಅಲ್ಲಿಂದ ತಲೆಬಾಗಿಲು ನೇರ ಕಾಣುತ್ತಿತ್ತು. ಮೊದಲು ಅವನ ಅವ್ವ ಬಂದಳು. ಮಾವ ಬಂದ. ಆಮೇಲೆ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಗಾಂಧಿ ಟೋಪಿಯ ಒಬ್ಬ ಬಂದ. ಹೊಸ್ತಿಲ ಹತ್ತಿರ ಬಂದವನೇ ತಲೆ ತಗ್ಗಿಸಿ, ಮೈ ಬಗ್ಗಿಸಿ, ಜೋಪಾನವಾಗಿ ಒಳಗೆ ಕಾಲಿಟ್ಟ. ಅವನ ತಲೆಗೂ ಮೇಲಿನ ಚೌಕಟ್ಟಿಗೂ ನಡುವೆ ಒಂದು ಗುಬ್ಬಿ ಹಾರಿಹೋಗುವಷ್ಟು ಜಾಗವಿತ್ತು. ಇಷ್ಟು ವರ್ಷ ಎತ್ತರದ ಟೋಪಿ ಬಾಗಿಲಿಗೆ ತಾಗದಂತೆ ಬಗ್ಗಿ ಅಭ್ಯಾಸ. ಟೋಪಿ ಹೋಗಿತ್ತು, ಬಗ್ಗುವುದು ಉಳಿದಿತ್ತು.

ಇದೆಲ್ಲ ಈಗ ಬಿಡಿಸಿ ಹೇಳುತ್ತಿದ್ದೇನೆ. ಆಗ ನಾನು ಮಾಡಿದ್ದು ಒಂದೇ. ನಾನೇ ಬಗ್ಗದ ಬಾಗಿಲಿಗೆ ಅವನು ಬಗ್ಗಿದ್ದು ಕಂಡು ಕಿಸಕ್ಕನೆ ನಕ್ಕುಬಿಟ್ಟೆ. ದೊಡ್ಡದಾಗಿಯೇ ನಕ್ಕೆ. ಅವನು ಅಡುಗೆಮನೆಯ ಕಡೆ ತಿರುಗಿ ನೋಡಿದ. ಮುಖ ಕೆಂಪಗಾಯಿತು. ಅವ್ವ ನನ್ನ ರಟ್ಟೆ ಚಿವುಟಿದಳು.

ಚಹಾ ತಗೊಂಡು ಹೊರಗೆ ಹೋದೆ, ಬಗ್ಗಿ ಹೋಗಿ ನೆಟ್ಟಗಾದೆ. ಅವನ ಅವ್ವ ಕಪ್ಪಿಗೆ ಕೈ ಚಾಚಿದವಳು ಹಾಗೆಯೇ ಕತ್ತೆತ್ತಿ ನೋಡುತ್ತ ಕೂತಳು. ‘ಯವ್ವಾ! ಹುಡುಗಿ ಬೆಳದಾಳಲ್ರಿ! ಎರಡ್ ವರ್ಷದಾಗ ಹಿಂಗ ಬೆಳಿತಾರೇನ್ರಿ ಎಲ್ಲರೆ?’

‘ನಮ್ಮ ಹುಡುಗಿ ಒಂದ್ ಬೆರಳ ಸೈತ ಬೆಳದಿಲ್ರಿ’ ಎಂದಳು ಆಯಿ. ‘ದಾರ ಅದ. ನೋಡ್ಕೋರಿ.’

ದಾರ ಬಂತು. ನನ್ನ ಹೆಬ್ಬೆರಳಿನ ಕೆಳಗೆ ಒತ್ತಿದರು, ಮೇಲೆಳೆದರು. ನಾಲ್ಕು ಬೆರಳು ಸರಿಯಾಗಿ ನನ್ನ ಮೇಲಿತ್ತು. ಆಯಿ ಗೆದ್ದವಳಂತೆ ಸುತ್ತ ನೋಡಿದಳು. ಆಮೇಲೆ ಅದೇ ದಾರವನ್ನು ಹುಡುಗನ ಪಕ್ಕ ಹಿಡಿದರು. ಅದು ಅವನ ತಲೆಯನ್ನು ದಾಟಿ ಎಂಟು ಬೆರಳು ಮೇಲಕ್ಕೆ ಹೋಯಿತು. ಅಪ್ಪ ದಾರವನ್ನು ತಿರುಗಿಸಿ ಮುರುಗಿಸಿ ನೋಡಿದ, ದಾರವೇ ಬೆಳೆದಿದೆಯೇನೋ ಎಂಬಂತೆ. ಎಲ್ಲರ ಕಣ್ಣು ಅದನ್ನು ತಂದ ಮಾವನ ಮೇಲೆ ಬಿತ್ತು.

ಮಾವ ಬೆವರು ಒರೆಸಿಕೊಂಡ. ‘ಅವತ್ತ ಟೋಪಿ ಇತ್ತಲ್ರಿ’ ಎಂದ.

‘ಟೋಪಿ ಸೈತ ಅಳದೇನು?’ ಎಂದ ಅಪ್ಪ.

‘ಮತ್ತ? ಸರ್ಕಾರಿ ಕಚೇರಿ ಒಳಗ ನಿಂತ ಮನುಷ್ಯಾಗ ಟೋಪಿ ತೆಗೀರಿ ಅನ್ಲಾಕ ಬರ್ತದೇನು? ಮರ್ಯಾದಿ ಬ್ಯಾಡಾ? ತಲಿ ಅಂದ್ರ ಟೋಪಿ ಹಿಡ್ಕೊಂಡೇ ತಲಿ ಆಗಿತ್ತು ಆವಾಗ.’

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಬರಿತಲೆಯಲ್ಲಿ ನಿಂತ ನೌಕರನನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಟೋಪಿ ಇಲ್ಲದೆ ಅವನಿಗೂ ಒಂದು ಎತ್ತರವಿರುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ, ನನಗೂ. ಆದರೂ ಮಾವನ ಮೇಲೆ ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ತಾಟನ್ನು ಅವನ ತಲೆಗೆ ಎಸೆಯಬೇಕೆನಿಸಿತು. ಆದರೆ ಅವನ ತಲೆಗೆ ಆಗಲೂ ದಪ್ಪನೆಯ ರುಮಾಲು, ಪಟಗ, ಸುತ್ತಿತ್ತು.

ಜಗಳ ಶುರುವಾಯಿತು. ಹುಡುಗನ ಅವ್ವ, ‘ಸಂಬಂಧ ಬ್ಯಾಡ್ರಿ, ನನ್ ಮಗ ಹೆಂಡ್ತಿ ಮಾರಿ ನೋಡ್ಲಾಕ ಕತ್ತ ಎತ್ಬೇಕಾಗ್ತದ’ ಎಂದಳು. ಆಯಿ ನನ್ನ ಹಿಂದೆ ಬಂದು ನಿಂತು, ತುಟಿ ಅಲುಗಿಸದೆ, ‘ಮಣಕಾಲ್, ಮಣಕಾಲ್’ ಎನ್ನುತ್ತಿದ್ದಳು. ಇಷ್ಟಾದ ಮೇಲೂ ಬಗ್ಗಿದರೆ ಉಳಿಯುತ್ತದೆ ಎಂದು ಅವಳ ನಂಬಿಕೆ. ನಾನು ಬಗ್ಗಲಿಲ್ಲ. ಹಟಕ್ಕೆ ಇನ್ನಷ್ಟು ನೆಟ್ಟಗೆ ನಿಂತೆ.

ಆಗ ಹುಡುಗ ಮಾತಾಡಿದ. ಅಲ್ಲಿಯ ತನಕ ಅವನು ಬಾಯಿ ತೆರೆದಿರಲಿಲ್ಲ. ಮೊದಲು ಬಿಳಿ ಟೋಪಿಯನ್ನು ತೆಗೆದು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡ.

‘ಮಾವಂದೇನೂ ತಪ್ಪಿಲ್ರಿ. ನಾನೇ ತೆಗಿಲಿಲ್ಲ. ತೆಗದ್ರ ಏನಾಗ್ತದ ಅಂತ ನನಗ ಗೊತ್ತಿತ್ತು. ಅದರಕಿಂತ ಮೊದಲ ಎರಡ್ ಮನಿಯವ್ರು ದಾರ ನೋಡೇ ಒಲ್ಲೆ ಅಂದಿದ್ರು, ಹುಡುಗ ಗಿಡ್ಡ ಅಂತ. ಆಮ್ಯಾಲ ನಿಮ್ಮ ಓಣಿ ಚಾಚಾನ ಬಲ್ಲಿ ಎಲ್ಲಾಕಿಂತ ಎತ್ತರದ ಅಚ್ಚಿನ ಮ್ಯಾಲ ಟೋಪಿ ಮಾಡಿಸ್ಕೊಂಡಿದ್ದೆ. ಬೂಟಿಗೂ ದಪ್ಪನ ಅಟ್ಟಿ ಹೊಡಿಸಿದ್ದೆ. ಮಾಡಬಾರದಿತ್ತು, ಮಾಡೇನಿ.’ ತೊಡೆಯ ಮೇಲಿನ ಟೋಪಿಯ ಮಡಿಕೆ ಒತ್ತುತ್ತ, ‘ಅವರು ಎತ್ತರ ಇದ್ದದ್ದು ನನಗೇನೂ ಆಗಲ್ರಿ. ನಾ ಹಿಂಗಿದ್ದದ್ದು ಅವರಿಗಿ ನಡೀತದೋ ಇಲ್ಲೋ, ಅವರಿಗೇ ಕೇಳ್ರಿ’ ಎಂದ.

ನಾನು ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದೆ. ಬಿಸಿಲಿಗೆ ಕಂದಿದ ಮುಖ, ದೊಡ್ಡ ಕಣ್ಣುಗಳು. ಹಣೆಯ ನಡುವೆ ಒಂದು ಗೆರೆ, ಗೆರೆಯ ಮೇಲೆ ಎಳೆಗೂಸಿನಂಥ ಬಿಳಿ ಚರ್ಮ. ವರ್ಷಗಟ್ಟಲೆ ಟೋಪಿ ಕೂತ ಜಾಗ. ನನ್ನ ಹಣೆಯಲ್ಲಿ ಬಾಗಿಲಿನ ಗಂಟು ಇರುವ ಜಾಗದಲ್ಲೇ ಅವನ ಹಣೆಯಲ್ಲಿ ಆ ಗೆರೆಯಿತ್ತು. ಆ ಬಿಳಿ ಪಟ್ಟಿಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಬೇಕೆನಿಸಿತು. ದಾರಕ್ಕೆ ನಾನು ಕೊಟ್ಟಿದ್ದ ಮುಖಕ್ಕಿಂತ ಈ ಮುಖ ಚೆನ್ನಾಗಿತ್ತು. ಇದು ಆ ಕ್ಷಣವೇ ಗೊತ್ತಾಗಿತ್ತು, ಆಮೇಲೆ ಸೇರಿಸಿದ್ದಲ್ಲ.

ಅಪ್ಪ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದ. ನಮ್ಮ ಮನೆತನದಲ್ಲಿ ಹೆಣ್ಣಿಗೆ ಅಂಥ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ. ಆವತ್ತು ‘ಕುಂದ್ರು’ ಎನ್ನುವುದನ್ನೂ ಅಪ್ಪ ಮರೆತ. ನನ್ನ ಎದುರಿಗೆ ನಿಂತು, ಕತ್ತೆತ್ತಿ ನೋಡಿ, ‘ಏನಂತಿ?’ ಎಂದ. ಹಿಂದಿನಿಂದ ಆಯಿ, ‘ಹೂಂ ಅನ್ನೇ. ಹುಡುಗ ಖರೇ ಮಾತಾಡ್ತಾನ. ಹೂಂ ಅನ್ನು’ ಎಂದಳು. ನನ್ನನ್ನು ಬಗ್ಗಿಸಿದ ಆಯಿಯೇ ಹಾಗೆ ಹೇಳುತ್ತಿದ್ದಳು.

ನನಗೆ ಅವನು ಕಾಣಲಿಲ್ಲ. ಬಾವಿಯ ಕಟ್ಟೆ ಕಂಡಿತು. ಗಂಡನ ಹಿಂದೆ ನಾನು ನಡೆದು ಹೋಗುತ್ತಿರುವುದು, ಅವನ ತಲೆಯ ಮೇಲಿನಿಂದ ನನ್ನ ಮುಖ ಎಲ್ಲರಿಗೂ ಕಾಣುತ್ತಿರುವುದು, ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಿರುವುದು. ಯಾರನ್ನು ಹುಟ್ಟಿದಾರಭ್ಯ ಬೈಯುತ್ತ ಬಂದೆನೋ ಅವರ ಕಣ್ಣನ್ನೇ ಎರವಲು ತಂದು ಅವನನ್ನು ಅಳೆದೆ.

‘ಬ್ಯಾಡ’ ಎಂದೆ. ‘ಮಂದಿ ನಗ್ತಾರ.’

ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ನಮ್ಮ ಗೋಡೆಗಳು ಮಣ್ಣಿನವು, ಬಾಗಿಲಿಗೆ ಪರದೆಯೂ ಇರಲಿಲ್ಲ. ಅಪ್ಪ ಹೊರಗೆ ಹೋಗುವ ಮುಂಚೆಯೇ ಅವನು ಎದ್ದು ನಿಂತಿದ್ದ. ಟೋಪಿ ಇಟ್ಟುಕೊಂಡು ಅಪ್ಪನಿಗೆ, ಆಯಿಗೆ ಕೈ ಮುಗಿದ. ‘ಬರ್ತೇನ್ರಿ’ ಎಂದ. ತಲೆಬಾಗಿಲ ಹತ್ತಿರ ಹೋಗಿ, ಒಂದು ಕ್ಷಣ ತಡೆದು ನಿಂತ. ಬಗ್ಗಬಾರದೆಂದು ತಡೆದನೋ ಏನೋ. ಆದರೂ ಬಗ್ಗಿಯೇ ಹೊರಗೆ ಹೋದ. ಈ ಸಲ ಯಾರೂ ನಗಲಿಲ್ಲ.

ಆಯಿ ಆ ದಾರವನ್ನು ಒಲೆಗೆ ಹಾಕಿದಳು. ಅರಿಶಿನದ ವಾಸನೆ ಸ್ವಲ್ಪ ಹೊತ್ತು ಇತ್ತು, ಅಷ್ಟೇ.

ಒಂದು ವರ್ಷದ ಮೇಲೆ ಬೀದರಿನ ಸಂಬಂಧ ಬಂತು. ಈ ಸಲ ಮಾವ ಹುಡುಗನ ಪಟಗ ಬಿಚ್ಚಿಸಿ, ಚಪ್ಪಲಿ ಬಿಡಿಸಿ, ಸಾಲದ್ದಕ್ಕೆ ಕೂದಲನ್ನು ಅಂಗೈಯಿಂದ ಒತ್ತಿ ಹಿಡಿದು ಅಳೆದು ತಂದಿದ್ದ. ನಾಲ್ಕು ಬೆರಳಲ್ಲ, ಆರು ಬೆರಳು ಮೇಲಿತ್ತು. ಯಾರೂ ಹುಡುಗನ ಬಗ್ಗೆ ಬೇರೆ ಏನನ್ನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ದಾರವನ್ನು ಗೂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ನಿಲ್ಲುವ ಮನಸ್ಸೂ ನನಗೆ ಬರಲಿಲ್ಲ. ಮದುವೆ ಆಯಿತು. ಜೋಡಿ ಬಹಳ ಚೆಂದ ಎಂದು ಬಾವಿಯ ಕಟ್ಟೆಯವರೆಲ್ಲ ಬಂದು ಹೇಳಿ ಉಂಡು ಹೋದರು.

ಗಂಡನ ಮನೆ ಬೀದರಿನ ಹಳೆಯ ಊರಿನಲ್ಲಿತ್ತು. ಯಾರೋ ಜಹಗೀರದಾರರು ಕಟ್ಟಿಸಿದ ಮನೆಯ ಒಂದು ಪಾಲು. ಮುಂದೆ ಕೆಂಪು ಕಲ್ಲಿನ ಕಮಾನು, ನನ್ನಂಥವರಿಬ್ಬರು ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ತಾಗದಷ್ಟು ಎತ್ತರ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಒಳಗೆ ಅಂಗಳದ ತುಂಬ ಮಂದಿ ಮದುಮಗಳನ್ನು ನೋಡಲು ಕಾಯುತ್ತ ನಿಂತಿದ್ದರು. ನಾನು ಸೆರಗು ಸರಿಮಾಡಿಕೊಂಡು ಕಮಾನಿನ ಹತ್ತಿರ ಬಂದೆ. ಬಂದವಳೇ ತಲೆ ತಗ್ಗಿಸಿ, ಮೈ ಬಗ್ಗಿಸಿ, ಜೋಪಾನವಾಗಿ ನಿಂತೆ.

ಅಂಗಳಕ್ಕೆ ಅಂಗಳವೇ ನಕ್ಕಿತು. ‘ಯವ್ವಾ, ಆನಿ ಹೋಗೋ ಬಾಗಲಿಗೂ ಬಗ್ತಾಳಲ್ರೇ ಈಕಿ!’ ಎಂದಳು ನಾದಿನಿ. ಪಕ್ಕದಲ್ಲಿ ನನ್ನ ಗಂಡ, ನನಗಿಂತ ಆರು ಬೆರಳು ಎತ್ತರದವನು, ಎಲ್ಲರಿಗಿಂತ ದೊಡ್ಡದಾಗಿ ನಗುತ್ತಿದ್ದ. ಅವರ ನಗುವಿನಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅವತ್ತಿನ ನನ್ನ ನಗುವಿನಲ್ಲೂ ಇರಲಿಲ್ಲವಲ್ಲ.

ನೆಟ್ಟಗೆ ನಿಲ್ಲಬೇಕೆಂದು ನೋಡಿದೆ, ಕುತ್ತಿಗೆ ಕೇಳಲಿಲ್ಲ. ನಮ್ಮ ಅಡುಗೆಮನೆಯ ಕಡೆ ತಿರುಗಿ ನೋಡಿದ ಔರಾದಿನ ಹುಡುಗನ ಆ ಮುಖ ಕಣ್ಣ ಮುಂದೆ ಬಂತು. ಅವನಿಗೆ ಹೇಗಾಗಿರಬೇಕೆಂದು ಆ ಕಮಾನಿನ ಕೆಳಗೆ, ಅಷ್ಟು ಮಂದಿಯ ನಡುವೆ, ಬಗ್ಗಿಯೇ ನಿಂತು ತಿಳಿದುಕೊಂಡೆ. ಇದನ್ನು ಹೇಳಿಕೊಳ್ಳಲು ಲೋಕದಲ್ಲಿ ಅವನೊಬ್ಬನೇ ಇದ್ದ. ‘ಸೇರು ಒದಿಯವ್ವಾ, ಹೊತ್ತಾಯ್ತು’ ಎಂದು ಯಾರೋ ಹೇಳಿದರು. ಒದ್ದೆ.